ಅಗಲದ ಟೈರು ಬೇಕೇ, ಬೇಡವೇ?

ಕಾರು ನಲವತ್ತು–ನಲವತ್ತೈದು ಸಾವಿರ ಕಿಲೋಮೀಟರ್ ಓಡುವ ಹೊತ್ತಿಗೆ ಟೈರಿನ ಬಟನ್ ಸವೆದು ಸಪಾಟಾಗಿರುತ್ತದೆ. ಸರ್ವಿಸ್‌ಗೆ ಬಿಟ್ಟಾಗ ಮೆಕ್ಯಾನಿಕ್ ಒಮ್ಮೆ ಬೆರಳಾಡಿಸಿ, ‘ಈ ಮಳೆಗಾಲ ತಡೆಯಲ್ಲ ಸಾರ್, ನಾಲ್ಕೂ ಚೇಂಜ್ ಮಾಡಿಸಿಬಿಡಿ’ ಎನ್ನುತ್ತಾರೆ. ಅಲ್ಲಿಂದ ಮನೆಯಲ್ಲಿ ಚರ್ಚೆ ಶುರು. ಹೇಗೂ ದುಡ್ಡು ಹಾಕುತ್ತಿದ್ದೇವೆ, ಒಂದು ಸೈಜ್ ಅಗಲದ್ದೇ ಹಾಕಿಸಿದರೆ ಹೇಗೆ? ಗಾಡಿಗೆ ಗತ್ತು ಬರುತ್ತದೆ, ರೋಡ್ ಗ್ರಿಪ್ ಚೆನ್ನಾಗಿರುತ್ತದೆ, ತಿರುವಿನಲ್ಲಿ ಕಾರು ವಾಲುವುದಿಲ್ಲ ಎಂದು ಗೆಳೆಯರು ಹುರಿದುಂಬಿಸುತ್ತಾರೆ. ಮೈಲೇಜ್ ಬೀಳುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ, ಆರ್‌ಟಿಒ ಹಿಡಿಯುತ್ತಾರೆ ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಎರಡೂ ಕಡೆಯವರ ಮಾತಿನಲ್ಲಿ ಅರ್ಧರ್ಧ ಸತ್ಯವಿದೆ. ಅದನ್ನು ಬಿಡಿಸಿ ನೋಡದೆ ದುಡ್ಡು ಬಿಚ್ಚಬಾರದು. ಕಾರಿನ ಅಷ್ಟೂ ಭಾಗಗಳಲ್ಲಿ ರಸ್ತೆಯನ್ನು ಮುಟ್ಟುವುದು ಟೈರು ಮಾತ್ರ. ಬ್ರೇಕು, ಎಬಿಎಸ್, ಸ್ಟೀರಿಂಗ್ ಏನೇ ಮಾಡಿದರೂ ಅದು ಕೊನೆಗೆ ಟೈರಿನ ಹಿಡಿತ ಇದ್ದಷ್ಟೇ.

ಅಗಲದ ಟೈರಿನ ಈ ಆಸೆ ನಮ್ಮ ತಂದೆಯವರ ಕಾಲದಲ್ಲಿ ಇರಲಿಲ್ಲ. ಅಂಬಾಸಿಡರ್‌ಗೆ ಇದ್ದದ್ದು 5.90–15 ಸೈಜಿನ ಟೈರು. ಅಗಲ 5.9 ಇಂಚು, ಅಂದರೆ ಸುಮಾರು 150 ಮಿಲಿಮೀಟರ್. ಪ್ರೀಮಿಯರ್ ಪದ್ಮಿನಿಯದು 5.20–14, ಅಂದರೆ 132 ಮಿ.ಮೀ. ಮೇಲೆ ಕ್ಯಾರಿಯರ್ ತುಂಬ ಲಗೇಜು, ಒಳಗೆ ಏಳೆಂಟು ಜನ ಕೂತು ಆಗುಂಬೆ ಘಾಟಿಯನ್ನು ಹತ್ತಿಳಿದ ಅಂಬಾಸಿಡರ್ ಟೈರಿನ ಅಗಲ ಇಂದಿನ ಸಣ್ಣ ಆಲ್ಟೊ ಕಾರಿನ 145ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಆಗಿನ ವೇಗ ಕಡಿಮೆ, ಟೈರುಗಳು ಕ್ರಾಸ್‌ಪ್ಲೈ. ಜೆಕೆ ಟೈರ್ ದೇಶದಲ್ಲಿ ಮೊದಲ ಬಾರಿಗೆ ರೇಡಿಯಲ್ ಟೈರು ಮಾಡಿದ್ದು 1977ರಲ್ಲಿ. ಅದು ಎಲ್ಲರ ಕಾರಿಗೂ ಬರುವುದಕ್ಕೆ ಮುಂದೆ ಇನ್ನೂ ಬಹಳ ವರ್ಷ ಹಿಡಿಯಿತು. ರೇಡಿಯಲ್ ಬಂದಮೇಲೆ ಟೈರಿನ ಅಗಲ ಮತ್ತು ಎತ್ತರವನ್ನು ಬೇರೆ ಬೇರೆಯಾಗಿ ಹೊಂದಿಸುವುದು ಸುಲಭವಾಯಿತು. ಒಂದೇ ಕಾರಿನ ಬೇಸ್ ಮಾಡೆಲ್‌ಗೆ ಒಂದು ಟೈರು, ಟಾಪ್ ಮಾಡೆಲ್‌ಗೆ ಇನ್ನೊಂದು ಟೈರು ಕೊಡುವ ವ್ಯಾಪಾರವೂ ಬೆಳೆಯಿತು. ಬೇಸ್ ಮಾಡೆಲ್ ಕೊಂಡವರಿಗೆ ಟಾಪ್ ಮಾಡೆಲ್‌ನ ಅಲಾಯ್ ವೀಲ್ ಮೇಲೆ ಕಣ್ಣು ಬಿದ್ದದ್ದು ಅಲ್ಲಿಂದಲೇ.

ನಮ್ಮ ರಸ್ತೆಗಳಲ್ಲಿ ತುಂಬಾ ಕಾಣುವ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2018ರಲ್ಲಿ ಬಂದ ಮಾರುತಿ ಸ್ವಿಫ್ಟ್‌ನ ಎಲ್‌ಎಕ್ಸ್‌ಐ, ವಿಎಕ್ಸ್‌ಐ ಮಾಡೆಲ್‌ಗಳಿಗೆ ಕಂಪನಿ ಕೊಟ್ಟದ್ದು 165/80 ಆರ್14 ಟೈರು, ಕಬ್ಬಿಣದ ಡಿಸ್ಕ್. ಝಡ್‌ಎಕ್ಸ್‌ಐಗೆ 185/65 ಆರ್15, ಅಲಾಯ್ ವೀಲ್. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾವಾರು ಲೆಕ್ಕದಲ್ಲಿ. ಕೊನೆಯದು ಡಿಸ್ಕಿನ ವ್ಯಾಸ, ಇಂಚಿನಲ್ಲಿ. 165ರ ಶೇ 80 ಎಂದರೆ 132 ಮಿ.ಮೀ. ಗೋಡೆ ಮೇಲೊಂದು, ಕೆಳಗೊಂದು ಸೇರಿ 264. ಅದಕ್ಕೆ 14 ಇಂಚಿನ 355.6 ಮಿ.ಮೀ. ಕೂಡಿಸಿದರೆ ಟೈರಿನ ಒಟ್ಟು ಎತ್ತರ ಸುಮಾರು 620 ಮಿ.ಮೀ. ಇದೇ ರೀತಿ 185/65 ಆರ್15ರ ಲೆಕ್ಕ ಹಾಕಿದರೆ 621.5 ಬರುತ್ತದೆ. ವ್ಯತ್ಯಾಸ ಎರಡು ಮಿಲಿಮೀಟರ್ ಕೂಡ ಇಲ್ಲ. ಅಗಲ 20 ಮಿ.ಮೀ. ಹೆಚ್ಚಿತು, ಡಿಸ್ಕ್ ಒಂದು ಇಂಚು ದೊಡ್ಡದಾಯಿತು, ಗೋಡೆ 12 ಮಿ.ಮೀ. ಕುಗ್ಗಿತು, ಒಟ್ಟು ಎತ್ತರ ಅಲ್ಲೇ ನಿಂತಿತು. ಒಳ್ಳೆಯ ಅಪ್‌ಸೈಜ್ ಎಂದರೆ ಇದು. ಸ್ಪೀಡೊಮೀಟರ್, ಗೇರಿನ ಎಳೆತ, ಎಬಿಎಸ್ ಲೆಕ್ಕ ಯಾವುದೂ ಏರುಪೇರಾಗುವುದಿಲ್ಲ.

ಈಗ ಅಂಗಡಿಯಲ್ಲಿ ಸ್ಟಾಕ್ ಇದೆ ಎಂದು ಅದೇ ಕಾರಿಗೆ 205/65 ಆರ್15 ಹಾಕಿಸಿದರೆ ಏನಾಗುತ್ತದೆ ನೋಡಿ. ಒಟ್ಟು ಎತ್ತರ 647 ಮಿ.ಮೀ. ದಾಟುತ್ತದೆ, ಶೇ 4.5ರಷ್ಟು ಹೆಚ್ಚು. ಮೊದಲು ಗಂಟೆಗೆ 100 ಕಿ.ಮೀ. ವೇಗದಲ್ಲಿ ಸ್ಪೀಡೊಮೀಟರ್ ಎಷ್ಟು ತೋರಿಸುತ್ತಿತ್ತೋ ಅಷ್ಟೇ ಈಗ ತೋರಿಸುತ್ತದೆ, ಆದರೆ ಕಾರು ಓಡುತ್ತಿರುವುದು 104ರಲ್ಲಿ. ಎಲ್ಲ ಗೇರುಗಳೂ ಅಷ್ಟರಮಟ್ಟಿಗೆ ಉದ್ದವಾಗುತ್ತವೆ. ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಏರುತ್ತಿದ್ದ ಗಾಡಿ ಎರಡಕ್ಕೆ ಇಳಿಯಬೇಕಾಗುತ್ತದೆ. ಮೈಲೇಜ್ ಬಿತ್ತು ಎಂದು ಟೈರಿನ ಅಗಲವನ್ನು ದೂರುವವರಲ್ಲಿ ಬಹಳ ಜನ ನಿಜವಾಗಿ ಅನುಭವಿಸುತ್ತಿರುವುದು ಈ ಎತ್ತರದ ತಪ್ಪನ್ನು.

ಅಂಗಡಿಯಲ್ಲಿ

ಹಾಸನದ ಟೈರ್ ಅಂಗಡಿಯೊಂದರಲ್ಲಿ ಕಳೆದ ಮೇ ತಿಂಗಳಲ್ಲಿ ಅಪ್ಪ–ಮಗನ ಮಾತು ಕೇಳಿಸಿಕೊಳ್ಳುತ್ತ ಕೂತಿದ್ದೆ. ಸಕಲೇಶಪುರ ಕಡೆಯವರು. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಎರಡು ವಾರಕ್ಕೊಮ್ಮೆ ತೋಟಕ್ಕೆ ಬರುತ್ತಾನೆ. ಕಾರು ವಿಎಕ್ಸ್‌ಐ ಸ್ವಿಫ್ಟ್.

‘ಹಿಂದಿನಿಂದ ನೋಡಿದ್ರೆ ಟೈರೇ ಕಾಣಲ್ಲ ಅಪ್ಪ. 195 ಹಾಕ್ಸಿ, ಅಲಾಯ್ ಹಾಕ್ಸಿದ್ರೆ ಗಾಡಿ ಬೇರೆನೇ ಆಗುತ್ತೆ.’

‘ಕಾಣೋದಕ್ಕೆ ಐವತ್ತು ಸಾವ್ರನಾ?’

‘ಕಾಣೋದಕ್ಕಲ್ಲ. ಮಾರನಹಳ್ಳಿ ತಿರುವಲ್ಲಿ ಮೊನ್ನೆ ಹಿಂದಗಡೆ ಜಾರ್ತು ಅಂತ ಹೇಳಿದ್ನಲ್ಲ.’

ಅಂಗಡಿಯವರು ಬೆಲೆ ಹೇಳಲಿಲ್ಲ. ‘ಯಜಮಾನ್ರೇ, ಗಾಡಿ ಜಾಸ್ತಿ ಎಲ್ಲಿ ಓಡುತ್ತೆ?’ ಎಂದು ಕೇಳಿದರು. ಹೈವೇ, ಘಾಟಿ, ಕೊನೆಗೆ ತೋಟಕ್ಕೆ ಹೋಗುವ ಮಣ್ಣುರಸ್ತೆ ಎಂದು ಅಪ್ಪ ಹೇಳಿದರು. ಅಂಗಡಿಯವರು ಮೊದಲು ಹಿಂದಿನ ಟೈರಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಬಟನ್ ನಡುವಿನ ಸಂದಿಯೊಳಗೆ ಉಗುರು ತೂರಿಸಿ, ತಳದಲ್ಲಿ ಅಡ್ಡವಾಗಿ ಇರುವ ಸಣ್ಣ ರಬ್ಬರ್ ಉಬ್ಬನ್ನು ತೋರಿಸಿದರು. ಬಟನ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿತ್ತು. ಅಂದರೆ ಉಳಿದಿದ್ದದ್ದು 1.6 ಮಿ.ಮೀ. ಕಾನೂನು ಒಪ್ಪುವ ಕನಿಷ್ಠ ಆಳ ಅಷ್ಟೇ. ಹೊಸ ಟೈರಿನಲ್ಲಿ ಅದು ಏಳೆಂಟು ಮಿ.ಮೀ. ಇರುತ್ತದೆ. ‘ಇದು ಜಾರಿದ್ದು ಸಣ್ಣದು ಅಂತ ಅಲ್ಲಪ್ಪ, ಬೋಳು ಅಂತ’ ಎಂದರು ಮಗನಿಗೆ.

ಆಮೇಲೆ ಕಾರಿನ ಸ್ಟೀರಿಂಗನ್ನು ಎಡಕ್ಕೆ ಕೊನೆವರೆಗೂ ತಿರುಗಿಸಿ, ಟೈರಿನ ಒಳ ಅಂಚಿಗೂ ಮಡ್‌ಗಾರ್ಡಿನ ಪ್ಲಾಸ್ಟಿಕ್ಕಿಗೂ ನಡುವೆ ಕೈಬೆರಳು ತೂರಿಸಿದರು. ‘ಖಾಲಿ ಗಾಡೀಲಿ ಇಷ್ಟು ಜಾಗ ಇದೆ. ಐದು ಜನ ಕೂತು ಹಂಪ್ ಇಳಿದಾಗ ಇಷ್ಟಿರಲ್ಲ. ಟ್ರಯಲ್ ಮಾಡೋದು ಆವಾಗ.’ ಸ್ವಿಫ್ಟ್‌ನ ಹಳೆಯ ಕಬ್ಬಿಣದ ಡಿಸ್ಕಿನ ಅಗಲ 5 ಇಂಚು. ಅದರ ಮೇಲೆ 185/70 ಆರ್14 ಟೈರನ್ನು ನಿಯಮದ ಪ್ರಕಾರವೇ ಕೂರಿಸಬಹುದು, ಏಕೆಂದರೆ ಆ ಟೈರಿಗೆ ನಾಲ್ಕೂವರೆಯಿಂದ 6 ಇಂಚು ಅಗಲದ ಡಿಸ್ಕ್ ನಡೆಯುತ್ತದೆ. 195/60 ಟೈರಿಗೆ ಕನಿಷ್ಠ ಐದೂವರೆ ಇಂಚು ಬೇಕು. ಸಣ್ಣ ಡಿಸ್ಕಿಗೆ ಅಗಲದ ಟೈರು ಸಿಕ್ಕಿಸಿದರೆ ಗೋಡೆಗಳು ಒಳಕ್ಕೆ ಮುದುಡಿಕೊಂಡು, ರಸ್ತೆಗೆ ತಾಗುವ ಭಾಗ ನಡುವೆ ಉಬ್ಬುತ್ತದೆ. ಅಂಚು ನೆಲಕ್ಕೆ ಸರಿಯಾಗಿ ಕೂರುವುದಿಲ್ಲ. ಅಗಲಕ್ಕೆಂದು ಕೊಟ್ಟ ದುಡ್ಡು ಅಲ್ಲಿಗೆ ದಂಡ. ಕೆಲವು ಕಡೆ ಇದನ್ನು ಹೇಳದೆಯೇ ಹಾಕಿ ಕಳಿಸುತ್ತಾರೆ.

ಅಪ್ಪ–ಮಗ ಕೊನೆಗೆ ಹಳೆಯ ಡಿಸ್ಕಿನ ಮೇಲೆಯೇ 185/70 ಆರ್14 ಹಾಕಿಸಿಕೊಂಡು ಹೋದರು. ಒಟ್ಟು ಎತ್ತರ ಐದು ಮಿ.ಮೀ. ಕಡಿಮೆಯಾಯಿತು, ಗೋಡೆ ಎರಡೂವರೆ ಮಿ.ಮೀ. ಮಾತ್ರ ಕುಗ್ಗಿತು, ಡಿಸ್ಕಿನ ಖರ್ಚು ಉಳಿಯಿತು. ಮಗ ಕೇಳಿದ್ದ 195ಕ್ಕಿಂತ ಅವರ ಮಣ್ಣುರಸ್ತೆಗೆ ಇದು ಒಳ್ಳೆಯ ತೀರ್ಮಾನ.

ಹಿಡಿತ ಎಲ್ಲಿಂದ ಬರುತ್ತದೆ

ಟೈರು ಅಗಲವಾದರೆ ರಸ್ತೆಗೆ ತಾಗುವ ಜಾಗ ಹೆಚ್ಚುತ್ತದೆ, ಅದರಿಂದ ಗ್ರಿಪ್ ಹೆಚ್ಚುತ್ತದೆ ಎಂಬುದು ಎಲ್ಲರ ನಂಬಿಕೆ. ಇದರ ಮೊದಲ ಭಾಗ ಬಹುಮಟ್ಟಿಗೆ ತಪ್ಪು. ಕಾರಿನ ತೂಕವನ್ನು ಹೊರುವುದು ಟೈರಿನೊಳಗಿನ ಗಾಳಿ. ಜನ ಕೂತ ಸಣ್ಣ ಕಾರಿನ ಒಂದು ಚಕ್ರದ ಮೇಲೆ 280 ಕೆ.ಜಿ. ಭಾರ ಬೀಳುತ್ತದೆ ಎಂದುಕೊಳ್ಳಿ. ಒಳಗಿನ ಗಾಳಿ 32 ಪಿಎಸ್‌ಐ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.25 ಕೆ.ಜಿ. ಒತ್ತಡ. 280ನ್ನು 2.25ರಿಂದ ಭಾಗಿಸಿದರೆ ನೆಲಕ್ಕೆ ತಾಗುವ ಜಾಗ 124 ಚದರ ಸೆಂ.ಮೀ. ನಮ್ಮ ಅಂಚೆ ಕಚೇರಿಯ ಪೋಸ್ಟ್‌ಕಾರ್ಡ್ ಹೆಚ್ಚುಕಡಿಮೆ ಅಷ್ಟೇ ಇದೆ: 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ. ಟೈರು 165 ಇರಲಿ, 185 ಇರಲಿ, ಭಾರವೂ ಗಾಳಿಯೂ ಅಷ್ಟೇ ಇದ್ದರೆ ತಾಗುವ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಗೋಡೆಯ ಗಡಸುತನದಿಂದ ಸ್ವಲ್ಪ ಹೆಚ್ಚುಕಡಿಮೆ ಆದೀತು.

ಬದಲಾಗುವುದು ಆ ಪೋಸ್ಟ್‌ಕಾರ್ಡಿನ ದಿಕ್ಕು. ಸಣ್ಣ ಟೈರಿನಲ್ಲಿ ಅದು ಕಾರು ಓಡುವ ದಿಕ್ಕಿಗೆ ಉದ್ದವಾಗಿ ಇರುತ್ತದೆ. ಅಗಲದ ಟೈರಿನಲ್ಲಿ ಅಡ್ಡಕ್ಕೆ ಚಾಚಿಕೊಂಡು, ಉದ್ದದಲ್ಲಿ ಕುಗ್ಗುತ್ತದೆ. ಈ ಅಡ್ಡ ಚಾಚುವಿಕೆಯಿಂದ ತಿರುವಿನಲ್ಲಿ ಲಾಭವಿದೆ. ಸ್ಟೀರಿಂಗ್ ತಿರುಗಿಸಿದಾಗ ಟೈರಿನ ರಬ್ಬರು ಮೊದಲು ಸ್ವಲ್ಪ ತಿರುಚಿಕೊಂಡು ಆಮೇಲೆ ಕಾರನ್ನು ಎಳೆಯುತ್ತದೆ. ಅಗಲದ, ಗಿಡ್ಡ ಗೋಡೆಯ ಟೈರಿನಲ್ಲಿ ಈ ತಿರುಚುವಿಕೆ ಕಡಿಮೆ, ಕಾರು ಹೇಳಿದ ಮಾತು ಬೇಗ ಕೇಳುತ್ತದೆ. ಹೊರಗಡೆಯ ಟೈರಿನ ಮೇಲೆ ಭಾರ ಬಿದ್ದಾಗ ಅದನ್ನು ರಬ್ಬರು ಹೆಚ್ಚು ಸಮನಾಗಿ ಹಂಚಿಕೊಳ್ಳುತ್ತದೆ. ಅಗಲದ ಟೈರು ಬೇಗ ಬಿಸಿಯಾಗುವುದಿಲ್ಲವಾದ್ದರಿಂದ ತಯಾರಕರು ಅದಕ್ಕೆ ಮೃದುವಾದ ರಬ್ಬರು ಹಾಕಬಹುದು. ನಿಜವಾದ ಗ್ರಿಪ್ ಹುಟ್ಟುವುದು ಆ ರಬ್ಬರಿನಲ್ಲಿ. ಫಾರ್ಮುಲಾ ಒನ್ ಕಾರುಗಳ ಹಿಂದಿನ ಟೈರನ್ನು 2017ರಲ್ಲಿ 325 ಮಿ.ಮೀ.ಯಿಂದ 405ಕ್ಕೆ ಅಗಲ ಮಾಡಿದ್ದು ತಿರುವಿನ ವೇಗ ಹೆಚ್ಚಿಸಲೆಂದೇ. ಒಣಗಿದ, ನುಣುಪಾದ ಡಾಂಬರಿನ ಮೇಲೆ ಅಗಲಕ್ಕೆ ಬೆಲೆ ಇದೆ ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಇಲ್ಲಿ ಒಂದು ಮಾತು ಗಮನಿಸಬೇಕು. ರಬ್ಬರಿನ ಗುಣದಿಂದ ಬರುವ ಲಾಭವನ್ನು ಅಗಲ ಹೆಚ್ಚಿಸದೆಯೂ ಪಡೆಯಬಹುದು. ಕಾರಿನ ಜೊತೆ ಬರುವ ಟೈರನ್ನು ಕಂಪನಿಗಳು ಆರಿಸುವುದು ಮೈಲೇಜ್ ಅಂಕಿ ಚೆನ್ನಾಗಿ ಬರಲಿ, ಬೆಲೆ ಹಿಡಿತದಲ್ಲಿರಲಿ, ಬಾಳಿಕೆ ಬರಲಿ ಎಂದು. ಅದಕ್ಕೆ ಗಡಸು ರಬ್ಬರು. ಅದೇ ಸೈಜಿನಲ್ಲಿ, ಅದೇ ಕಂಪನಿಯ ಅಥವಾ ಬೇರೆ ಕಂಪನಿಯ ಇನ್ನೊಂದು ದರ್ಜೆಯ ಟೈರು ಹಾಕಿಸಿದರೆ ಬ್ರೇಕ್ ಹಾಕಿದಾಗಲೇ ವ್ಯತ್ಯಾಸ ತಿಳಿಯುತ್ತದೆ. ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ತಡೆ, ಶಬ್ದ ಈ ಮೂರಕ್ಕೂ ಮಿತಿ ಹಾಕುವ ಎಐಎಸ್–142 ಮಾನದಂಡವನ್ನು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿ ಕಡ್ಡಾಯ ಮಾಡಿತು. ಅಂಗಡಿಯಲ್ಲಿ ಅಗಲ ಕೇಳುವ ನಾವು ಒದ್ದೆ ರಸ್ತೆಯ ಹಿಡಿತ ಹೇಗಿದೆ ಎಂದು ಕೇಳುವುದೇ ಇಲ್ಲ. ಹತ್ತು ಸಲ ಕೇಳಿದರೆ ಅಂಗಡಿಯವರು ಕಂಪನಿಯನ್ನು ಕೇಳುತ್ತಾರೆ, ಕಂಪನಿ ಉತ್ತರ ಕೊಡುತ್ತದೆ.

ಮಳೆ ಬಂದಾಗ

ನಮ್ಮ ರಾಜ್ಯದಲ್ಲಿ ಟೈರಿನ ಮಾತನಾಡಿ ಮಳೆಯ ಮಾತು ಬಿಡುವಂತಿಲ್ಲ. ರಸ್ತೆಯ ಮೇಲೆ ನೀರು ನಿಂತಾಗ ಟೈರು ಮೊದಲು ಆ ನೀರನ್ನು ಪಕ್ಕಕ್ಕೆ ತಳ್ಳಬೇಕು, ಆಮೇಲೆ ಡಾಂಬರನ್ನು ಹಿಡಿಯಬೇಕು. ವೇಗ ಹೆಚ್ಚಿದಂತೆ ತಳ್ಳಲು ಸಿಗುವ ಸಮಯ ಕಡಿಮೆ. ಒಂದು ಹಂತದಲ್ಲಿ ನೀರು ಟೈರಿನ ಕೆಳಗೇ ಸೇರಿಕೊಂಡು ಅದನ್ನು ನೆಲದಿಂದ ಎತ್ತುತ್ತದೆ. ಸ್ಟೀರಿಂಗ್ ಹಗುರವಾದಂತೆ ಅನಿಸುತ್ತದೆ, ಬ್ರೇಕ್ ಒತ್ತಿದರೂ ಕಾರು ತನ್ನ ಪಾಡಿಗೆ ಹೋಗುತ್ತದೆ. ಅಕ್ವಾಪ್ಲೇನಿಂಗ್ ಎನ್ನುವುದು ಇದಕ್ಕೆ. ಅಮೆರಿಕದ ನಾಸಾದಲ್ಲಿ ವಿಮಾನದ ಟೈರುಗಳ ಮೇಲೆ ಕೆಲಸ ಮಾಡಿದ ವಾಲ್ಟರ್ ಹಾರ್ನ್ 1960ರ ದಶಕದ ಆರಂಭದಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು: ಟೈರಿನ ಗಾಳಿ ಎಷ್ಟು ಪಿಎಸ್‌ಐ ಇದೆಯೋ ಅದರ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ಟೈರು ನೀರಿನ ಮೇಲೆ ತೇಲುವ ವೇಗ ಮೈಲಿಗಳಲ್ಲಿ ಸಿಗುತ್ತದೆ. 32 ಪಿಎಸ್‌ಐಗೆ ಅದು ಗಂಟೆಗೆ ಸುಮಾರು 94 ಕಿ.ಮೀ. ಗಾಳಿ 24ಕ್ಕೆ ಇಳಿದಿದ್ದರೆ 82 ಕಿ.ಮೀ.ಗೇ ತೇಲುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳ ವೇಗಮಿತಿ 100 ಕಿ.ಮೀ. 2022ರ ಆಗಸ್ಟ್‌ನಲ್ಲಿ, ಉದ್ಘಾಟನೆಗೂ ಮೊದಲೇ, ರಾಮನಗರದ ಬಳಿ ಆ ರಸ್ತೆ ನೀರಿನಲ್ಲಿ ಮುಳುಗಿದ್ದನ್ನು ಓದುಗರು ಮರೆತಿರಲಾರರು.

ಈ ಸೂತ್ರದಲ್ಲಿ ಅಗಲದ ಪ್ರಸ್ತಾಪವಿಲ್ಲ. ಆದರೆ ಅಗಲದ ಟೈರು ಒಂದೇ ದೂರ ಓಡಲು ಹೆಚ್ಚು ನೀರನ್ನು ತಳ್ಳಬೇಕು, ಮತ್ತು ಅದರ ತಾಗುವ ಜಾಗ ಉದ್ದದಲ್ಲಿ ಗಿಡ್ಡ. ನೀರನ್ನು ಸೀಳಿಕೊಂಡು ಹೋಗುವುದರಲ್ಲಿ ಸಣ್ಣ ಟೈರಿನದೇ ಮೇಲುಗೈ. ಬೇರೆಲ್ಲ ಒಂದೇ ಇದ್ದರೆ ಅಗಲದ ಟೈರು ಬೇಗ ತೇಲುತ್ತದೆ. ಬಟನ್ ಹೊಸದಿದ್ದಾಗ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಅರ್ಧ ಸವೆದ ಮೇಲೆ ಗೊತ್ತಾಗುತ್ತದೆ. ಅಗಲದ ಟೈರಿಗೆ ದುಡ್ಡು ಹೆಚ್ಚು ಕೊಟ್ಟಿರುತ್ತೇವೆ, ಆದ್ದರಿಂದ ಇನ್ನೊಂದು ವರ್ಷ ಓಡಲಿ ಎಂದು ಬೋಳಾಗುವವರೆಗೂ ಬಿಡುತ್ತೇವೆ. ಅಪಾಯ ಅಲ್ಲಿದೆ. ಜುಲೈ ತಿಂಗಳಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ವಾರವಾರ ಓಡಾಡುವವರಿಗೆ ನಾನು ಅಗಲಕ್ಕಿಂತ ಆಳ ನೋಡಿ ಎನ್ನುತ್ತೇನೆ. ಬಟನ್ 3 ಮಿ.ಮೀ.ಗೆ ಇಳಿದಾಗಲೇ ಬದಲಿಸಿ, 1.6ಕ್ಕೆ ಕಾಯಬೇಡಿ.

ಮಣ್ಣಿನ ಕಥೆಯೂ ಹೀಗೆಯೇ. ಜಲ್ಲಿ, ಕೆಸರು ಇರುವ ಕಡೆ ಸಣ್ಣ ಟೈರು ಮೇಲಿನ ಸಡಿಲ ಪದರವನ್ನು ಕೊರೆದು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಅಗಲದ್ದು ಮೇಲೆಯೇ ತೇಲುತ್ತದೆ. ವಿಶ್ವ ರ್‍ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಡಾಂಬರು ರಸ್ತೆಗೆ 235/40 ಆರ್18 ಹಾಕುವ ಅದೇ ಕಾರುಗಳಿಗೆ ಜಲ್ಲಿ ರಸ್ತೆಗೆ ಹಾಕುವುದು 205/65 ಆರ್15. ಅಗಲ 30 ಮಿ.ಮೀ. ಕಡಿಮೆ, ಗೋಡೆ ಎತ್ತರ. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳಲ್ಲಿ ನಡೆಯುವ ರ್‍ಯಾಲಿಗಳನ್ನು ನೋಡಿದವರಿಗೆ ಆ ದಪ್ಪ ಗೋಡೆಯ, ಕಿರಿದಾದ ಟೈರುಗಳ ಪರಿಚಯ ಇದ್ದೇ ಇರುತ್ತದೆ. ಅಷ್ಟು ಶಕ್ತಿಯ ಕಾರುಗಳೇ ಮಣ್ಣಿನಲ್ಲಿ ಅಗಲವನ್ನು ಬಿಟ್ಟುಕೊಡುವಾಗ ಸಾವಿರದಿನ್ನೂರು ಸಿಸಿಯ ನಮ್ಮ ಕಾರಿಗೆ ಆ ಹಟ ಬೇಡ.

ಗುಂಡಿ, ಡಿಸ್ಕ್, ಬೇರಿಂಗ್

ಬೆಂಗಳೂರಿನವರ ಸಮಸ್ಯೆ ಬೇರೆ. ಅಲ್ಲಿ ಗುಂಡಿ. ಟೈರಿನ ಪಕ್ಕದ ಗೋಡೆ ಎಂದರೆ ಡಿಸ್ಕಿಗೂ ಗುಂಡಿಯ ಅಂಚಿಗೂ ನಡುವಿನ ರಕ್ಷಣೆ. 165/80ರಲ್ಲಿ ಅದು 132 ಮಿ.ಮೀ. ಇತ್ತು. 195/55 ಆರ್16ಕ್ಕೆ ಹೋದರೆ 107ಕ್ಕೆ ಇಳಿಯುತ್ತದೆ. ಕತ್ತಲಲ್ಲಿ, ನೀರು ತುಂಬಿದ ಗುಂಡಿಗೆ ಐವತ್ತರ ವೇಗದಲ್ಲಿ ಇಳಿಸಿದಾಗ ಈ ಒಂದು ಇಂಚು ಬಹಳ ದೊಡ್ಡದು. ಗೋಡೆ ಡಿಸ್ಕಿನ ಅಂಚಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಒಳಗಿನ ದಾರಗಳು ಕಡಿಯುತ್ತವೆ. ಮಾರನೇ ದಿನ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಗುಳ್ಳೆ ಎದ್ದಿರುತ್ತದೆ. ಅದಕ್ಕೆ ರಿಪೇರಿ ಇಲ್ಲ, ಟೈರನ್ನೇ ಎಸೆಯಬೇಕು. ಕಬ್ಬಿಣದ ಡಿಸ್ಕ್ ಬಾಗಿದರೆ ಬಡಿದು ಸರಿ ಮಾಡುತ್ತಾರೆ. ಅಗ್ಗದ ಅಲಾಯ್ ಬಿರುಕು ಬಿಡುತ್ತದೆ.

ಅಲಾಯ್ ಆರಿಸುವಾಗ ನಾಲ್ಕು ಬೋಲ್ಟ್ ಸರಿಹೊಂದಿದರೆ ಸಾಕು ಎಂದುಕೊಳ್ಳಬೇಡಿ. ಸ್ವಿಫ್ಟ್‌ನ ಬೋಲ್ಟ್ ಅಳತೆ 4 ಇಂಟು 100. ಅದೇ ಅಳತೆ ಹೋಂಡಾ, ಹುಂಡೈ ಕಾರುಗಳಿಗೂ ಇದೆ. ಆದರೆ ನಡುವಿನ ತೂತಿನ ವ್ಯಾಸ ಬೇರೆ ಇರಬಹುದು, ಆಫ್‌ಸೆಟ್ ಬೇರೆ ಇರಬಹುದು. ಆಫ್‌ಸೆಟ್ ಎಂದರೆ ಡಿಸ್ಕಿನ ನಡುಗೆರೆಯಿಂದ ಹಬ್‌ಗೆ ಕೂರುವ ಮೈ ಎಷ್ಟು ದೂರದಲ್ಲಿದೆ ಎಂಬ ಲೆಕ್ಕ. ನೋಟಕ್ಕೆಂದು ಚಕ್ರವನ್ನು ಹೊರಕ್ಕೆ ತಂದರೆ ವೀಲ್ ಬೇರಿಂಗ್ ಮೇಲೆ ಭಾರ ಬೀಳುವ ಕೋನ ಬದಲಾಗುತ್ತದೆ. ಬ್ರೇಕ್ ಹಾಕುವಾಗ ಒಂದು ಚಕ್ರ ಗುಂಡಿಗೆ ಬಿದ್ದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಕೆಸರು ಕಾರಿನ ಮೈಗೆಲ್ಲ ಹಾರುತ್ತದೆ. ಟೈರು ಮಡ್‌ಗಾರ್ಡಿನಿಂದ ಹೊರಗೆ ಬಂದು ನಿಂತ ಕಾರುಗಳನ್ನು ಕಂಡಾಗ ನನಗೆ ನಿಜಕ್ಕೂ ಕಳವಳವಾಗುತ್ತದೆ. ಓಡಿಸುವವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು.

ಸ್ಟೆಪ್ನಿಯನ್ನು ಎಲ್ಲರೂ ಮರೆಯುತ್ತಾರೆ. ನಾಲ್ಕು ಟೈರು ಬದಲಿಸಿ ಡಿಕ್ಕಿಯಲ್ಲಿ ಹಳೆಯ ಸೈಜನ್ನೇ ಇಟ್ಟರೆ, ಪಂಕ್ಚರ್ ಆದ ದಿನ ಒಂದು ಕಡೆ ಒಂದು ಟೈರು, ಇನ್ನೊಂದು ಕಡೆ ಇನ್ನೊಂದು. ಒಟ್ಟು ಎತ್ತರ ಒಂದೇ ಇದ್ದರೆ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಓಡಿಸಬಹುದು. ಎತ್ತರವೂ ಬೇರೆಯಾದರೆ ಅದನ್ನು ಹಾಕಿಕೊಂಡು ಘಾಟಿ ಇಳಿಯಬಾರದು.

ಇಂಧನದ ಮಾತು ಚಿಕ್ಕದು. ಅಗಲದ ಟೈರು ಗಾಳಿಗೆ ಹೆಚ್ಚು ಅಡ್ಡವಾಗುತ್ತದೆ, ದೊಡ್ಡ ಡಿಸ್ಕಿನ ಜೊತೆ ಪ್ರತಿ ಚಕ್ರದ ತೂಕ ಹೆಚ್ಚುತ್ತದೆ, ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಂತು ಹೊರಡುವ ಊರಿನ ಓಡಾಟದಲ್ಲಿ ಆ ತೂಕವನ್ನು ಪ್ರತಿ ಸಲ ಹೊಸದಾಗಿ ತಿರುಗಿಸಬೇಕು. ಬಿಎಂಡಬ್ಲ್ಯು ತನ್ನ ಐ3 ಎಂಬ ಬ್ಯಾಟರಿ ಕಾರಿನ ಮುಂದಿನ ಚಕ್ರಕ್ಕೆ 155/70 ಆರ್19 ಎಂಬ ಎತ್ತರದ, ಕಿರಿದಾದ ಟೈರು ಕೊಟ್ಟದ್ದು ಚಾರ್ಜ್ ಉಳಿಸಲು. ಕಂಪನಿಯೇ ಕೊಟ್ಟ ಒಂದು ಹಂತದ ಅಗಲಕ್ಕೆ ಮೈಲೇಜ್ ನಷ್ಟ ಸಹಿಸುವಷ್ಟೇ ಇರುತ್ತದೆ. ಎರಡು, ಮೂರು ಹಂತ ಮೇಲೆ ಹೋದರೆ ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಅದು ನೆನಪಾಗುತ್ತದೆ.

ಕಾನೂನು ಏನೆನ್ನುತ್ತದೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷ ಕಾಯ್ದೆಗೆ ಸೇರಿದ 182ಎ ಸೆಕ್ಷನ್‌ನಲ್ಲಿ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಶಿಕ್ಷೆ ಅಥವಾ ಎರಡನ್ನೂ ವಿಧಿಸುವ ಅವಕಾಶವಿದೆ. ನಿಮ್ಮದೇ ಮಾಡೆಲ್ಲಿನ ಟಾಪ್ ವೇರಿಯಂಟ್‌ಗೆ ಕಂಪನಿ ಕೊಟ್ಟ ಸೈಜನ್ನು ಹಾಕಿಸಿದರೆ ‘ಇದು ತಯಾರಕರು ಒಪ್ಪಿದ ಸೈಜು’ ಎಂದು ತೋರಿಸಲು ನಿಮ್ಮ ಕೈಯಲ್ಲಿ ಆಧಾರವಿರುತ್ತದೆ. ಅದರಾಚೆಗೆ ಹೋದರೆ ಆಧಾರವಿರುವುದಿಲ್ಲ. ದಂಡಕ್ಕಿಂತ ದೊಡ್ಡ ಚಿಂತೆ ವಿಮೆಯದು. ಅಪಘಾತವಾದ ಮೇಲೆ ಸರ್ವೆಯರ್ ಬಂದು ಟೈರಿನ ಸೈಜು ಬರೆದುಕೊಂಡಾಗ, ನೀವು ಮೊದಲೇ ತಿಳಿಸಿರದಿದ್ದರೆ ಕ್ಲೇಮಿಗೆ ತಕರಾರು ಎತ್ತಲು ಕಂಪನಿಗೆ ಕಾರಣ ಸಿಕ್ಕಂತೆ.

ಟೈರಿನ ಮೇಲೆ ಸೈಜಿನ ಪಕ್ಕದಲ್ಲೇ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತದೆ. 85 ಎಂದಿದ್ದರೆ ಆ ಟೈರು 515 ಕೆ.ಜಿ. ಹೊರಬಲ್ಲದು, 88 ಎಂದಿದ್ದರೆ 560. ಅಕ್ಷರ ವೇಗದ ಮಿತಿ: ಎಸ್ ಎಂದರೆ 180 ಕಿ.ಮೀ., ಟಿ ಎಂದರೆ 190, ಎಚ್ ಎಂದರೆ 210. ಹೊಸ ಟೈರಿನಲ್ಲಿ ಇವೆರಡೂ ಹಳೆಯದಕ್ಕಿಂತ ಕಡಿಮೆ ಇರಬಾರದು. ಅಗಲ ಹೆಚ್ಚಿದ್ದೂ ಭಾರದ ಅಂಕಿ ಕಡಿಮೆ ಇರುವ ಗಿಡ್ಡ ಗೋಡೆಯ ಟೈರುಗಳು ಮಾರುಕಟ್ಟೆಯಲ್ಲಿವೆ. ಹಾಗೆಯೇ ನಾಲ್ಕು ಅಂಕಿಯ ತಯಾರಿಕೆ ಗುರುತು ನೋಡಿ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ಮಾಡಿದ್ದು. ಜನ ಹೆಚ್ಚು ಕೇಳದ ಅಗಲದ ಸೈಜುಗಳು ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕೂತಿರುವುದುಂಟು. ಡಿಸ್ಕೌಂಟ್ ಜಾಸ್ತಿ ಕೊಟ್ಟರೆ ಮೊದಲು ಆ ಗುರುತಿನ ಮೇಲೆ ಕಣ್ಣಿಡಿ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಆ ಉಳಿತಾಯವನ್ನು ಒಂದು ಸೈಜ್ ಅಗಲಕ್ಕೆ ಸುರಿಯುವ ಬದಲು ಒಂದು ದರ್ಜೆ ಒಳ್ಳೆಯ ರಬ್ಬರಿಗೆ ಕೊಡುವುದು ನನಗೆ ಸರಿ ಎನಿಸುತ್ತದೆ.

ಹಾಗಾದರೆ ಯಾರು ಅಗಲ ಮಾಡಿಸಬಹುದು? ಬೇಸ್ ಮಾಡೆಲ್ ಕಾರಿದ್ದು, ಹೆಚ್ಚು ಓಡಾಟ ಒಳ್ಳೆಯ ಹೈವೇಯಲ್ಲಿದ್ದು, ತಿರುವಿನಲ್ಲಿ ಕಾರು ಇನ್ನಷ್ಟು ಗಟ್ಟಿಯಾಗಿ ನಿಲ್ಲಬೇಕು ಎನ್ನುವವರು ಟಾಪ್ ಮಾಡೆಲ್‌ನ ಸೈಜಿಗೆ, ಟಾಪ್ ಮಾಡೆಲ್‌ನದೇ ಆಫ್‌ಸೆಟ್ ಇರುವ ಡಿಸ್ಕಿನ ಜೊತೆ ಹೋಗಬಹುದು. ಖರ್ಚು ಸಾರ್ಥಕ. ಟಾಪ್ ಮಾಡೆಲ್ಲೇ ಇರುವವರು ಅಲ್ಲಿಂದ ಮುಂದೆ ಹೋಗುವುದು ಬೇಡ. ಮಲೆನಾಡು, ಕರಾವಳಿಯಲ್ಲಿ ಇರುವವರು, ದಾರಿಯ ಕೊನೆಯ ಎರಡು ಕಿಲೋಮೀಟರ್ ಮಣ್ಣುರಸ್ತೆ ಆಗಿರುವವರು ಕಂಪನಿಯ ಸೈಜನ್ನೇ ಉಳಿಸಿಕೊಂಡು, ನೀರು ಹೊರಹಾಕುವ ಸಂದಿಗಳು ಅಗಲವಾಗಿರುವ ಒಳ್ಳೆಯ ದರ್ಜೆಯ ಟೈರು ಆರಿಸಲಿ. ಬ್ಯಾಟರಿ ಕಾರಿನವರಂತೂ ಸೈಜು ಬದಲಿಸುವ ಯೋಚನೆಯನ್ನೇ ಬಿಡುವುದು ಲೇಸು. ಆ ಕಾರುಗಳ ರೇಂಜ್ ನಿಂತಿರುವುದರಲ್ಲಿ ಟೈರಿನದು ದೊಡ್ಡ ಪಾಲು.

ಅಂಗಡಿಗೆ ಹೋಗುವ ಮುನ್ನ ಚಾಲಕನ ಬಾಗಿಲು ತೆರೆದು, ಚೌಕಟ್ಟಿನ ಮೇಲಿರುವ ಟೈರಿನ ಸ್ಟಿಕ್ಕರ್ ಫೋಟೊ ತೆಗೆದುಕೊಳ್ಳಿ. ಸೈಜು, ಗಾಳಿಯ ಪ್ರಮಾಣ ಎರಡೂ ಅದರಲ್ಲಿರುತ್ತವೆ. ಈಗಿನ ಟೈರಿನ ಗಾಳಿ ಅಷ್ಟಿದೆಯೇ, ವೀಲ್ ಅಲೈನ್‌ಮೆಂಟ್ ಸರಿಯಿದೆಯೇ ನೋಡಿಸಿ. ಎಷ್ಟೋ ಕಾರುಗಳ ಜಾರಾಟ ಅಲ್ಲಿಗೇ ನಿಲ್ಲುತ್ತದೆ. ಆಮೇಲೂ ಸೈಜು ಬದಲಿಸಲೇಬೇಕೆಂದರೆ ವಿಮಾ ಕಂಪನಿಗೆ ಮೊದಲು ಬರೆದು ತಿಳಿಸಿ, ಅವರ ಉತ್ತರ ಕೈಗೆ ಬಂದ ಮೇಲೆ ಅಡ್ವಾನ್ಸ್ ಕೊಡಿ.